ಬರೆಸಿದವರು, ಬರೆದವರು

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಸಂಶೋಧಕರು 2025ರ ಜೂನ್‌ನಲ್ಲಿ ಹೊರತಂದ ಅಧ್ಯಯನವೊಂದರಲ್ಲಿ ಬಹಳ ಸರಳವಾದ ಪ್ರಶ್ನೆಯೊಂದಿದೆ. ಪ್ರಬಂಧ ಬರೆದು ಮುಗಿಸಿದ ವಿದ್ಯಾರ್ಥಿಯನ್ನು ಆಗಲೇ ಕೇಳಿದರು: ಈಗ ಬರೆದಿರಲ್ಲ, ಅದರಲ್ಲಿನ ಒಂದು ವಾಕ್ಯ ಹೇಳಿ. ಬಾಸ್ಟನ್ ಸುತ್ತಮುತ್ತಲ ವಿಶ್ವವಿದ್ಯಾಲಯಗಳ 54 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಚಾಟ್‌ಜಿಪಿಟಿ, ಇನ್ನೊಂದಕ್ಕೆ ಇಂಟರ್ನೆಟ್ ಹುಡುಕಾಟ, ಮೂರನೆಯದಕ್ಕೆ ಬರಿಯ ತಮ್ಮ ತಲೆ. ವಿಷಯಗಳು ಅಲ್ಲಿನ ಸ್ಯಾಟ್ ಪರೀಕ್ಷೆಯ ಮಾದರಿಯವು, ಕೊಟ್ಟ ಸಮಯ 20 ನಿಮಿಷ. ಮೊದಲ ಸುತ್ತಿನಲ್ಲಿ ಚಾಟ್‌ಜಿಪಿಟಿ ಗುಂಪಿನ 18 ಮಂದಿಯಲ್ಲಿ 15 ಮಂದಿಗೆ ತಮ್ಮ ಪ್ರಬಂಧದ ಒಂದು ವಾಕ್ಯವನ್ನೂ ಸರಿಯಾಗಿ ಹೇಳಲಾಗಲಿಲ್ಲ. ಉಳಿದೆರಡು ಗುಂಪುಗಳಲ್ಲಿ ಹಾಗೆ ಸೋತವರು ಇಬ್ಬಿಬ್ಬರೇ. ಈ ಪ್ರಬಂಧ ನಿಮ್ಮದೇ ಎಂದು ಕೇಳಿದಾಗ ತಮ್ಮ ತಲೆಯನ್ನೇ ನಂಬಿ ಬರೆದವರಲ್ಲಿ ಬಹುತೇಕ ಎಲ್ಲರೂ ಹೌದೆಂದರು. ಚಾಟ್‌ಜಿಪಿಟಿ ಬಳಸಿದವರ ಉತ್ತರ ಮಾತ್ರ ಚದುರಿಹೋಯಿತು. ಕೆಲವರು ಹೌದೆಂದರು, ಕೆಲವರು ಅಲ್ಲವೆಂದರು, ಮತ್ತೆ ಕೆಲವರು ಅರ್ಧ ನನ್ನದು ಎಂದರು.

ಈ ಅಧ್ಯಯನವನ್ನು ಹಿಗ್ಗಿಸಿ ಹೇಳುವುದು ನನಗೆ ಇಷ್ಟವಿಲ್ಲ. ಪಾಲ್ಗೊಂಡವರು ಕಡಿಮೆ, ಇತರ ತಜ್ಞರ ಪರಿಶೀಲನೆಗೆ ಒಳಪಡುವ ಮೊದಲೇ ಹೊರಬಂದ ಕರಡು ಅದು. ತಲೆಗೆ ಇಇಜಿ ತೊಡಿಸಿ ಅಳೆದ ಮಿದುಳಿನ ಅಲೆಗಳ ಬಗ್ಗೆಯೇ ಹೆಚ್ಚು ಸುದ್ದಿಯಾಯಿತು. ಎಐ ಬಳಸಿದರೆ ಮಿದುಳು ಕೊಳೆಯುತ್ತದೆ ಎಂಬಂಥ ಮಾತು ಆಡಬೇಡಿ ಎಂದು ಸಂಶೋಧಕರೇ ಕೇಳಿಕೊಳ್ಳಬೇಕಾಯಿತು. ನನ್ನ ಮಟ್ಟಿಗೆ ಅಲೆಗಳಿಗಿಂತ ಆ ಸರಳ ಪ್ರಶ್ನೆಯೇ ದೊಡ್ಡದು. ಅದನ್ನು ಕೇಳಲು ಯಾವ ಯಂತ್ರವೂ ಬೇಡ. ತುಮಕೂರಿನ ಯಾವುದೇ ಕಾಲೇಜಿನಲ್ಲಿ, ಯಾವುದೇ ಮೇಷ್ಟ್ರು ನಾಳೆಯೇ ಕೇಳಬಹುದು.

ತಾನು ಬರೆದ ವಾಕ್ಯ ಯಾಕೆ ನೆನಪಿನಲ್ಲಿ ಉಳಿಯುತ್ತದೆ? ಅದನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ಕೈಯಾರೆ ಬರೆಯುವಾಗ ಒಂದು ವಾಕ್ಯ ಹಾಳೆಗಿಳಿಯುವ ಮೊದಲು ಮೂರು ನಾಲ್ಕು ವಾಕ್ಯಗಳು ಮನಸ್ಸಿನಲ್ಲಿ ಎದ್ದು ಬಿದ್ದಿರುತ್ತವೆ. ಇದು ಉತ್ಪ್ರೇಕ್ಷೆಯಾಯಿತು, ಇದು ಯಾರೋ ಹೇಳಿದ್ದು, ಇದನ್ನು ನಾನು ನಿಜವಾಗಿ ನಂಬುವುದಿಲ್ಲ ಎಂದು ಒಂದೊಂದನ್ನೂ ತಳ್ಳುತ್ತ ತಳ್ಳುತ್ತ ಬಂದು ಒಂದರಲ್ಲಿ ನಿಲ್ಲುತ್ತೇವೆ. ಹಾಗೆ ತಳ್ಳಿಹಾಕಿದ ಮಾತುಗಳೇ ಉಳಿದ ಮಾತನ್ನು ನಮ್ಮದಾಗಿಸುತ್ತವೆ. ಯಂತ್ರ ತಂದುಕೊಡುವ ವಾಕ್ಯ ಈ ದಾರಿಯಲ್ಲಿ ಬಂದದ್ದಲ್ಲ. ಅದು ಸಿದ್ಧವಾಗಿ ಎದುರು ನಿಂತು ಒಪ್ಪಿಗೆ ಕೇಳುತ್ತದೆ, ನೋಡಲು ಸರಿಯಾಗಿಯೂ ಇರುತ್ತದೆ, ನಾವು ಒಪ್ಪಿಬಿಡುತ್ತೇವೆ. ಬರೆದದ್ದು ನನ್ನದು ಎಂಬ ಭಾವ ಒಪ್ಪಿಗೆಯಿಂದ ಹುಟ್ಟುವುದಿಲ್ಲ, ನಿರಾಕರಣೆಯಿಂದ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ. ವಿದ್ಯಾರ್ಥಿ ಕಳೆದುಕೊಳ್ಳುತ್ತಿರುವುದು ಈ ನಿರಾಕರಿಸುವ ಅಭ್ಯಾಸವನ್ನು.

ಇನ್ನೂ ಕಳವಳದ ಸಂಗತಿ ಇದರ ನಂತರ ಬರುತ್ತದೆ. ಜರ್ಮನಿ ಮತ್ತು ಫಿನ್ಲೆಂಡ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಎಐ ಸಹಾಯದಿಂದ ಪೋಸ್ಟ್‌ಕಾರ್ಡ್ ಬರೆಸಿದರು. ಆ ಬರಹ ತಮ್ಮದು ಎಂದು ಅವರಿಗೆ ಅನಿಸಲಿಲ್ಲ. ಆದರೂ ಬರೆದವರು ಯಾರು ಎಂಬ ಜಾಗದಲ್ಲಿ ಎಐ ಹೆಸರು ಹಾಕಲು ಹೆಚ್ಚಿನವರು ಮುಂದಾಗಲಿಲ್ಲ. ಅದೇ ಬರಹವನ್ನು ಒಬ್ಬ ಮನುಷ್ಯ ಬರೆದುಕೊಟ್ಟ ಎಂದು ಹೇಳಿದಾಗ ಅವನ ಹೆಸರು ಹಾಕಲು ಹೆಚ್ಚು ಜನ ಒಪ್ಪಿದರು. ನನ್ನದಲ್ಲ, ಆದರೂ ಸಹಿ ನನ್ನದು. ಈ ಬಿರುಕಿನೊಳಗೆ ಬದುಕುವುದನ್ನು ಹದಿನೆಂಟರ ಹುಡುಗ ಹುಡುಗಿಯರು ಕಲಿಯುತ್ತಿದ್ದಾರೆ.

ಅವರಿಗೆ ಇದು ಕಳ್ಳತನ ಅನಿಸದಿರುವುದಕ್ಕೆ ಕಾರಣವೂ ಇದೆ. ಕೃತಿಚೌರ್ಯ ಎಂದರೆ ಕಳೆದುಕೊಂಡವನು ಒಬ್ಬ ಇರಬೇಕು. ಯುಜಿಸಿ 2018ರಲ್ಲಿ ತಂದ ನಿಯಮಗಳು ಆ ಕಲ್ಪನೆಯ ಮೇಲೇ ನಿಂತಿವೆ: ಪ್ರಬಂಧ ಈಗಾಗಲೇ ಇರುವ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ನೋಡು, ಹೋಲಿಕೆ ಶೇ. 10 ದಾಟಿದರೆ ಕ್ರಮ ಕೈಗೊಳ್ಳು. ಯಂತ್ರ ಹೊಸದಾಗಿ ಹೆಣೆದುಕೊಟ್ಟ ಪುಟ ಯಾವ ಪುಸ್ತಕವನ್ನೂ ಹಾಗೆ ಹೋಲುವುದಿಲ್ಲ. ಯಾರಿಂದಲೂ ಕದ್ದಿಲ್ಲ, ಆದ್ದರಿಂದ ಅಳುಕಿಲ್ಲ. ಸ್ವತಃ ಬರೆದಿಲ್ಲ, ಆದ್ದರಿಂದ ಹೆಮ್ಮೆಯೂ ಇಲ್ಲ. ಅಳುಕಿಗಿಂತ ಹೆಮ್ಮೆಯ ಗೈರುಹಾಜರಿ ನನ್ನನ್ನು ಹೆಚ್ಚು ಕಾಡುತ್ತದೆ.

“ಪ್ರಾಂಪ್ಟ್ ಕೊಟ್ಟಿದ್ದು ನಾನೇ ಅಲ್ವಾ ಸರ್” ಎನ್ನುವುದು ವಿದ್ಯಾರ್ಥಿಗಳ ಸಾಮಾನ್ಯ ಉತ್ತರ. ಅದನ್ನು ಹಗುರವಾಗಿ ತಳ್ಳುವಂತಿಲ್ಲ. ದೇಶದ ಕಾನೂನಿನ ಬೆಂಬಲ ಅದಕ್ಕೆ ಸ್ವಲ್ಪ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರ್‌ನಿಂದ ತಯಾರಾದ ಕೃತಿಗೆ ಅದು ಉಂಟಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಚಾಟ್‌ಜಿಪಿಟಿ ಹುಟ್ಟುವುದಕ್ಕೆ ಮೂರು ದಶಕದಷ್ಟು ಹಿಂದೆಯೇ ಬರೆದಿಟ್ಟ ಉತ್ತರ ಇದು. ಹಕ್ಕು ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಅದು ಸಾಕಾಗಬಹುದು, ಕಲಿತವರು ಯಾರೆಂದು ತಿಳಿಯಲು ಸಾಲದು. ಮಾಡಿಸಿದವನೂ ಮಾಡಿದವನೂ ಬೇರೆ ಬೇರೆ ಎಂಬುದು ಕನ್ನಡ ನಾಡಿಗೆ ಬಹಳ ಹಿಂದೆಯೇ ತಿಳಿದಿತ್ತು. ಬೇಲೂರಿನ ಚೆನ್ನಕೇಶವ ದೇಗುಲವನ್ನು 1117ರಲ್ಲಿ ಮಾಡಿಸಿದವನು ವಿಷ್ಣುವರ್ಧನ. ಅಲ್ಲಿನ ಶಿಲ್ಪಗಳ ಅಡಿಯಲ್ಲಿ ಹೆಸರು ಕೊರೆದವರು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅರಸನ ಕೀರ್ತಿಗೂ ಅದರಿಂದ ಕುಂದಾಗಲಿಲ್ಲ, ಉಳಿ ಹಿಡಿದವನ ಹೆಸರೂ ಅಳಿಯಲಿಲ್ಲ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ದಶಕಗಟ್ಟಲೆ ವಾದಿಸಿದ್ದರ ಹಿಂದೆಯೂ ಇದ್ದದ್ದು ಇದೇ ವಿವೇಕ: ಅನುಮೋದಿಸಿದವನನ್ನು ಬರೆದವನೆಂದು ಸುಮ್ಮನೆ ಒಪ್ಪಿಕೊಳ್ಳಬಾರದು. ಪ್ರಾಂಪ್ಟ್ ಕೊಡುವ ವಿದ್ಯಾರ್ಥಿ ಈ ಲೆಕ್ಕದಲ್ಲಿ ಅರಸ. ಆದರೆ ನಾವು ಅವನನ್ನು ಕಾಲೇಜಿಗೆ ಕಳಿಸಿದ್ದು ಉಳಿ ಹಿಡಿಯುವುದನ್ನು ಕಲಿಯಲೆಂದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಯಾರ ಮಾತು ತಾನೇ ಪೂರ್ತಿ ಸ್ವಂತ? ಎಲ್ಲ ಬರಹವೂ ಹಿಂದಿನವರ ಎಂಜಲೇ ಅಲ್ಲವೇ? ಗದುಗಿನ ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲೇ ಕವಿ ವೀರನಾರಾಯಣ, ತಾನು ಬರೆದುಕೊಂಡವನು ಮಾತ್ರ ಎಂದುಬಿಟ್ಟ. ಕಥೆಯಂತೂ ವ್ಯಾಸರದು. ವಚನಕಾರರು ಅಂಕಿತದ ಜಾಗದಲ್ಲಿ ಇಟ್ಟದ್ದು ತಮ್ಮ ಇಷ್ಟದೈವದ ಹೆಸರು. ಲೇಖಕನೆಂಬ ಅಹಂಕಾರವನ್ನು ಇಷ್ಟು ನಿರಾಳವಾಗಿ ಬಿಟ್ಟುಕೊಟ್ಟ ಪರಂಪರೆಯವರು ಒಬ್ಬ ವಿದ್ಯಾರ್ಥಿಯ ಪ್ರಬಂಧದ ಒಡೆತನದ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಆ ಪದ್ಯಗಳನ್ನು ಮುಂದಕ್ಕೆ ಓದಿದರೆ ಉತ್ತರ ಸಿಗುತ್ತದೆ. ಕವಿ ನಾನಲ್ಲ ಎಂದ ಅದೇ ಕುಮಾರವ್ಯಾಸ, ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದವನು ತಾನು ಎಂದೂ ಹೇಳಿಕೊಳ್ಳುತ್ತಾನೆ. ಒಡೆತನವನ್ನು ದೇವರಿಗೆ ಕೊಟ್ಟ, ದುಡಿಮೆಯನ್ನು ಯಾರಿಗೂ ಕೊಡಲಿಲ್ಲ. ಭಾಮಿನಿ ಷಟ್ಪದಿಯ ಒಂದೊಂದು ಸಾಲಿನ ಭಾರವೂ ಅವನ ಹೆಗಲ ಮೇಲೇ ಇತ್ತು. ವಚನಕಾರರ ಮಾತು ಇನ್ನೂ ಕಠಿಣ: ನುಡಿದದ್ದಕ್ಕೆ ತಕ್ಕಂತೆ ನಡೆಯದಿದ್ದರೆ ಅಂಕಿತದ ದೈವವೇ ಮುನಿಯುತ್ತದೆ ಎಂದು ನಂಬಿದವರು ಅವರು. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ದುಡಿಮೆ ಯಂತ್ರಕ್ಕೆ ಹೋಗಿದೆ, ಒಡೆತನ ಮಾತ್ರ ನಮ್ಮ ಬಳಿ ಉಳಿದಿದೆ.

ಎರವಲು ಮಾತಿನ ಮೇಲೆ ನಿಂತೂ ಸ್ವಂತವಾಗುವುದು ಹೇಗೆಂದು ತಿಳಿಯಲು ಯಕ್ಷಗಾನದ ಮಾತಿನ ರೂಪವಾದ ಕರಾವಳಿಯ ತಾಳಮದ್ದಳೆಯನ್ನು ನೋಡಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಪ್ರಸಂಗ ಕವಿಯದು, ಕಥೆ ಪುರಾಣದ್ದು, ಮುಂದೇನಾಗುತ್ತದೆಂದು ಕೂತವರಿಗೆಲ್ಲ ಗೊತ್ತು. ಪಾತ್ರವಾಗಿ ಕೂತು ಆ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿಗೆ ತನ್ನದು ಎನ್ನಲು ಏನೂ ಇಲ್ಲವೆನ್ನಬಹುದು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಬೇರೆ, ಮಲ್ಪೆ ರಾಮದಾಸ ಸಾಮಗರ ಅರ್ಥ ಬೇರೆ. ಒಬ್ಬರದನ್ನು ಇನ್ನೊಬ್ಬರದೆಂದು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಯಾಕೆಂದರೆ ಎದುರಿಗೆ ಇನ್ನೊಬ್ಬ ಕೂತಿರುತ್ತಾನೆ. ವಾಲಿವಧೆಯಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮನ ಅರ್ಥ ಹೇಳುವವರು ಅಲ್ಲೇ, ಆಗಲೇ ಉತ್ತರ ಕೊಡಬೇಕು. ಕಲಿತುಬಂದ ಮಾತು ಒಂದು ಸುತ್ತಿಗೆ ಸಾಕಾಗುತ್ತದೆ. ಎದುರಾಳಿ ಅನಿರೀಕ್ಷಿತ ಕಡೆಯಿಂದ ಎರಡನೆಯ ಪ್ರಶ್ನೆ ಎಸೆದಾಗ, ಆ ಪಾತ್ರವನ್ನು ಒಳಗೆ ಎಷ್ಟು ದಿನ ಕಡೆದಿದ್ದೀರಿ ಎಂಬುದು ಹೊರಬೀಳುತ್ತದೆ. ಮಾತಿಗೆ ಉತ್ತರ ಕೊಡಬಲ್ಲವನು ಆ ಮಾತಿನ ಕರ್ತೃ. ಈ ಅಳತೆಗೋಲಿಗಿಂತ ನ್ಯಾಯವಾದದ್ದು ನನಗೆ ಬೇರೆ ಸಿಕ್ಕಿಲ್ಲ. ಪುಸ್ತಕದಿಂದ ತೆಗೆದುಕೊಂಡರೂ, ಗೆಳೆಯನಿಂದ ಕೇಳಿದರೂ, ಯಂತ್ರದಿಂದ ಪಡೆದರೂ, ಅದರ ಪರವಾಗಿ ನಿಂತು ಎರಡನೆಯ ಪ್ರಶ್ನೆಯನ್ನು ಎದುರಿಸಬಲ್ಲೆಯಾದರೆ ಅದು ನಿನ್ನದು.

ಈಗ ಹೇಳಲೇಬೇಕಾದ ಕಹಿ ಮಾತಿಗೆ ಬರುತ್ತೇನೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಾಗ ನಮ್ಮ ಶಾಲೆಗಳಲ್ಲಿ ಅದಕ್ಕಾಗಿ ಜಾಗ ಸಿದ್ಧವಾಗಿಯೇ ಇತ್ತು. ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಗೆ ಕೂತ ಎಲ್ಲರಿಗೂ ಆ ಚೌಕಟ್ಟು ಗೊತ್ತು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ವಿಷಯಗಳೂ ಗೊತ್ತು: ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು, ಸಾಮಾಜಿಕ ಪಿಡುಗುಗಳು. ಗ್ರಂಥಾಲಯಕ್ಕೆ ಮಹತ್ವವಿಲ್ಲ ಎಂದು ಬರೆಯುವ ಸ್ವಾತಂತ್ರ್ಯ ಆ ವಿಷಯದಲ್ಲೇ ಇಲ್ಲ. ತನ್ನೂರಿನ ಗ್ರಂಥಾಲಯದ ಬಾಗಿಲು ವರ್ಷದಿಂದ ಮುಚ್ಚಿದೆ ಎಂದು ಒಬ್ಬ ಹುಡುಗಿ ಬರೆದರೆ ಅದಕ್ಕೆ ಅಂಕ ಕೊಡಲು ಉತ್ತರ ಸೂಚಿಯಲ್ಲಿ ಜಾಗವಿಲ್ಲ. ಗೈಡು ಪುಸ್ತಕದ ಪ್ರಬಂಧವನ್ನು ಉರು ಹೊಡೆದು, ಪರೀಕ್ಷೆಯಲ್ಲಿ ಇಳಿಸಿ, ಮರುದಿನ ಮರೆಯುವುದನ್ನು ನಾವು ಜಾಣತನ ಎಂದು ಕರೆದೆವು. ಗೊರೂರು ರಾಮಸ್ವಾಮಿ ಅಯ್ಯಂಗಾರರ, ಎ.ಎನ್. ಮೂರ್ತಿರಾಯರ ಪ್ರಬಂಧಗಳನ್ನು ಪಾಠವಾಗಿ ಓದಿಸಿ, ಅವರ ಬರಹದಲ್ಲಿ ಮನುಷ್ಯನೊಬ್ಬ ಉಸಿರಾಡುವುದನ್ನು ಮೆಚ್ಚಿ ಟಿಪ್ಪಣಿ ಬರೆಸಿ, ಅದೇ ಮಕ್ಕಳ ಪ್ರಬಂಧದಲ್ಲಿ “ನಾನು” ಎಂಬ ಪದ ಬಂದರೆ ಕೆಂಪು ಗೀಟು ಎಳೆದದ್ದೂ ಉಂಟು.

ಹೀಗೆ ಬೆಳೆದವರಿಗೆ ಕಳೆದುಕೊಳ್ಳಲು ಲೇಖಕತ್ವವೇ ಇರಲಿಲ್ಲ. ಗೈಡಿನ ಜಾಗಕ್ಕೆ ಫೋನು ಬಂತು, ಅಷ್ಟೇ ಎಂದು ಅವರಿಗೆ ಅನಿಸಿದ್ದರೆ ಅದು ಅವರ ತಪ್ಪಲ್ಲ. ಯಾರೂ ಓದಲು ಕಾಯದ, ಬರೆದವನೂ ನಂಬದ ಬರಹವನ್ನು ಯಂತ್ರಕ್ಕೆ ವಹಿಸುವುದರಲ್ಲಿ ಒಂದು ನ್ಯಾಯವೇ ಇದೆ. ಮಕ್ಕಳ ಮೇಲೆ ಸಿಡಿಮಿಡಿಗೊಳ್ಳುವ ಅಧ್ಯಾಪಕರೊಡನೆ ನನ್ನ ಮುಖ್ಯ ಭಿನ್ನಾಭಿಪ್ರಾಯ ಇದು. ಎಐ ಕೆಡಿಸಿತು ಎನ್ನುವ ಬಹಳಷ್ಟು ಸಂಗತಿಗಳು ಮೊದಲೇ ಕೆಟ್ಟಿದ್ದವು.

ಕನ್ನಡ ಮಾಧ್ಯಮದಲ್ಲಿ ಓದಿಬಂದ ಮಕ್ಕಳ ಪಾಡನ್ನು ಇಲ್ಲಿ ಬೇರೆಯಾಗಿಯೇ ನೋಡಬೇಕು. ರಾಯಚೂರಿನ ಹಳ್ಳಿಯಿಂದ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗನಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ವಾಕ್ಯ ಕಟ್ಟಲು ಕೈ ನಡುಗುತ್ತದೆ. ಅವನ ಪಕ್ಕದ ಬೆಂಚಿನವನ ಅಸೈನ್‌ಮೆಂಟನ್ನು ಅಪ್ಪನೋ ಅಕ್ಕನೋ ಟ್ಯೂಷನ್ನಿನವರೋ ತಿದ್ದಿಕೊಡುತ್ತಿದ್ದರು; ಅದನ್ನು ಯಾರೂ ಮೋಸ ಎನ್ನಲಿಲ್ಲ. ಈಗ ಇವನಿಗೂ ತಿದ್ದಿಕೊಡುವ ಒಂದು ಕೈ ಸಿಕ್ಕಿದೆ. ಅದನ್ನು ಕಿತ್ತುಕೊಳ್ಳಿ ಎಂದು ಹೇಳುವ ಹಕ್ಕು ಇಂಗ್ಲಿಷ್ ಬಲ್ಲವರಿಗೆ ಇಲ್ಲ.

ಪತ್ತೆ ಹಚ್ಚುವ ತಂತ್ರಾಂಶಗಳು ಮೊದಲು ಕಚ್ಚುವುದೂ ಇವನನ್ನೇ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಇಂಗ್ಲಿಷ್ ಪರೀಕ್ಷೆಗಾಗಿ ಕೈಯಾರೆ ಬರೆದ 91 ಪ್ರಬಂಧಗಳನ್ನು ಅಂಥ 7 ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ಯಂತ್ರದ್ದೆಂಬ ಮುದ್ರೆ ಬಿತ್ತು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ತಪ್ಪು ಬಹಳ ಕಡಿಮೆ. ಗೊತ್ತಿರುವ ಕೆಲವೇ ಪದಗಳಲ್ಲಿ ನೇರವಾಗಿ ಬರೆಯುವುದನ್ನು ಆ ತಂತ್ರಾಂಶಗಳು ಯಂತ್ರದ ಲಕ್ಷಣ ಎಂದು ತಿಳಿಯುತ್ತವೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇನ್ನೊಂದೆಡೆ, ಯಂತ್ರದ ಬರಹವನ್ನು “ಹ್ಯೂಮನೈಜ್” ಮಾಡಿಕೊಡುವ ಯಂತ್ರಗಳು ಬಂದಿವೆ. ಈ ಪೊಲೀಸ್ ಆಟದಲ್ಲಿ ಜಾಣ ತಪ್ಪಿಸಿಕೊಳ್ಳುತ್ತಾನೆ, ಪ್ರಾಮಾಣಿಕ ಸಿಕ್ಕಿಬೀಳುತ್ತಾನೆ. ಶಾಲೆ ಕಾಲೇಜುಗಳು ಇದನ್ನು ಈಗಲೇ ನಿಲ್ಲಿಸಬೇಕು.

ಹಾಗಾದರೆ ಭಾಷೆಗೆ ಯಂತ್ರ, ವಿಚಾರಕ್ಕೆ ನಾನು ಎಂದು ಹಂಚಿಕೊಂಡರೆ ಮುಗಿಯಿತೇ? ಅದೂ ಅಷ್ಟು ಸುಲಭವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತ ಮತ್ತು ಅಮೆರಿಕದ 118 ಮಂದಿಯಿಂದ ಬರೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಅಧ್ಯಾಪಕರೆಲ್ಲ ಓದಬೇಕು. ಇಷ್ಟದ ತಿಂಡಿಯ ಬಗ್ಗೆ ಬರೆಯಲು ಹೊರಟ ಭಾರತೀಯರಿಗೆ ಯಂತ್ರ ಪಿಜ್ಜಾ ಎಂದು ಸೂಚಿಸಿತು, ಹಬ್ಬವೆಂದರೆ ಕ್ರಿಸ್ಮಸ್ ಎಂದಿತು. ಎಐ ಸೂಚನೆಗಳ ನೆರಳಿನಲ್ಲಿ ಬರೆದ ಭಾರತೀಯರ ಬರಹ ಅಮೆರಿಕನ್ನರ ಬರಹದ ಕಡೆಗೆ ವಾಲಿತು. ಕಾರ್ನೆಲ್‌ನವರೇ ಸೇರಿ ಮಾಡಿದ 2023ರ ಇನ್ನೊಂದು ಪ್ರಯೋಗದಲ್ಲಿ 1,506 ಮಂದಿ ಪಾಲ್ಗೊಂಡಿದ್ದರು. ಸಾಮಾಜಿಕ ಜಾಲತಾಣ ಒಳ್ಳೆಯದೋ ಕೆಟ್ಟದ್ದೋ ಎಂದು ಬರೆಯುವಾಗ ಯಂತ್ರ ಒಂದು ಕಡೆಗೆ ಎಳೆಯುವ ಸೂಚನೆ ಕೊಟ್ಟರೆ, ಬರಹ ಮಾತ್ರವಲ್ಲ, ಬರೆದವರ ಅಭಿಪ್ರಾಯವೂ ಆ ಕಡೆಗೆ ಸರಿಯಿತು. ಹಾಗೆ ಸರಿದದ್ದು ಹೆಚ್ಚಿನವರ ಗಮನಕ್ಕೂ ಬರಲಿಲ್ಲ. ವಾಕ್ಯವನ್ನು ಕೊಡುವವರು ಅದರೊಳಗೆ ಸ್ವಲ್ಪ ಅಭಿಪ್ರಾಯವನ್ನೂ ಇಟ್ಟೇ ಕೊಡುತ್ತಾರೆ. ಜೋಳದ ರೊಟ್ಟಿ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚೆಲ್ಲುವ ಚರಗ, ಹೊಲದ ಬದುವಿನ ಜಗಳ ಇವೆಲ್ಲ ರಾಯಚೂರಿನ ಆ ಹುಡುಗನಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಇಂಗ್ಲಿಷ್ ತಿದ್ದಿಸಿಕೊಳ್ಳುವ ಹೊತ್ತಿನಲ್ಲಿ ಅವೇ ಜಾರಿಹೋದರೆ ಅವನಿಗೆ ಸಿಕ್ಕ ಸಹಾಯದ ಬೆಲೆ ತೀರ ಹೆಚ್ಚಾಯಿತು.

ಈ ಕಾರಣಕ್ಕೆ ನನಗೆ ನಿಷೇಧಕ್ಕಿಂತ ಅನುಕ್ರಮ ಮುಖ್ಯವಾಗಿ ಕಾಣುತ್ತದೆ: ಮೊದಲು ಯಾರು, ಆಮೇಲೆ ಯಾರು. ಎಂಐಟಿ ಅಧ್ಯಯನದ ನಾಲ್ಕನೆಯ ಸುತ್ತಿಗೆ ಮರಳಿದ 18 ಮಂದಿಯನ್ನು ಅದಲುಬದಲು ಮಾಡಿದ್ದರು. ಅಲ್ಲಿಯವರೆಗೆ ಚಾಟ್‌ಜಿಪಿಟಿ ಬಳಸಿದವರು ಬರಿಗೈಯಲ್ಲಿ ಬರೆಯುವಾಗ ಮತ್ತೆ ತಡವರಿಸಿದರು. ಮೊದಲು ತಾವೇ ಬರೆದು ಆಮೇಲೆ ಚಾಟ್‌ಜಿಪಿಟಿಯನ್ನು ಕೈಗೆತ್ತಿಕೊಂಡವರ ನೆನಪು ಚೆನ್ನಾಗಿ ಉಳಿದಿತ್ತು. ಸಂಖ್ಯೆ ಚಿಕ್ಕದು, ಇದರ ಮೇಲೆ ಕಟ್ಟಡ ಕಟ್ಟಲಾಗದು. ಆದರೂ ಬರವಣಿಗೆ ಕಲಿಸಿದ ಯಾರಿಗೂ ಇದು ಅಚ್ಚರಿ ತರುವುದಿಲ್ಲ. ಹುಡುಗ ತನ್ನ ಮೊದಲ ಕರಡನ್ನು ಕನ್ನಡದಲ್ಲಿ, ತನ್ನೂರ ಕನ್ನಡದಲ್ಲಿ, ತಪ್ಪುಗಳೊಡನೆ ಬರೆಯಲಿ. ಹೇಳಬೇಕಾದದ್ದು ಏನೆಂದು ಅಲ್ಲೇ ತೀರ್ಮಾನವಾಗಲಿ. ಆಮೇಲೆ ಇಂಗ್ಲಿಷಿಗೆ ಯಂತ್ರದ ನೆರವು ಪಡೆಯಲಿ, ಕರಡನ್ನೂ ಜೊತೆಗಿಡಲಿ. ಯಂತ್ರ ಚರಗವನ್ನು ಕೈಬಿಟ್ಟಿತೆಂದು ಆಗ ಅವನಿಗೇ ಗೊತ್ತಾಗುತ್ತದೆ, ಅದನ್ನು ಮರಳಿ ಸೇರಿಸುತ್ತಾನೆ.

ಇನ್ನು ಎದುರು ಕೂತು ಕೇಳುವ ಕೆಲಸ. ಪ್ರಬಂಧ ಒಪ್ಪಿಸಿದ ಮೇಲೆ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಈ ಮಾತು ಯಾಕೆ ಬರೆದೆ, ಇದಕ್ಕೆ ಎದುರು ಮಾತೇನು, ಯಾವುದನ್ನು ಬರೆದು ಹೊಡೆದುಹಾಕಿದೆ ಎಂದು ತಾಳಮದ್ದಳೆಯ ಎದುರಾಳಿಯಂತೆ ಕೇಳಬೇಕು. ಎಐ ಬಳಸಿದೆಯಾ ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ಇದಕ್ಕೆ ಅಧ್ಯಾಪಕರು ಹೇಳುವ ತೊಂದರೆ ನಿಜವಾದದ್ದು: ತರಗತಿಯಲ್ಲಿ 60 ಮಂದಿ, ಸಮಯ ಎಲ್ಲಿದೆ? ಒಬ್ಬರಿಗೆ 10 ನಿಮಿಷವೆಂದರೂ 10 ಗಂಟೆ, ಅಂದರೆ 45 ನಿಮಿಷದ 13–14 ಪೀರಿಯಡ್‌ಗಳು. ಸಿಲಬಸ್ ಮುಗಿಸುವ ಧಾವಂತದಲ್ಲಿ ಇಷ್ಟನ್ನು ತೆಗೆಯುವುದು ಕಷ್ಟ. ಆದರೆ ಈಗ ಒಂದು ಸೆಮಿಸ್ಟರಿಗೆ ಒಂದೊಂದು ವಿಷಯದಲ್ಲೂ ಎರಡು ಮೂರು ಅಸೈನ್‌ಮೆಂಟ್ ಬರೆಸುತ್ತೇವೆ. ಯಂತ್ರ ಬರೆದದ್ದಕ್ಕೆ ಸರಿಯಾಗಿ ಓದದೆಯೇ ಸಹಿ ಹಾಕಿ ಅಂಕ ತುಂಬಿಸುತ್ತೇವೆ. ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಕೈಬಿಟ್ಟರೆ ಆ 10 ಗಂಟೆಯ ಬಹುಭಾಗ ಅಲ್ಲೇ ಸಿಗುತ್ತದೆ. ಇದಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಿಲ್ಲ, ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಆಂತರಿಕ ಅಂಕಗಳ ನಿಯಮದಲ್ಲಿ ಒಂದು ಸಾಲು ಬದಲಿಸಿದರೆ ಸಾಕು.